ಐದು ಲಕ್ಷ ಸರಿ, ಎಷ್ಟು ನಿಮಿಷ?

ಸರ್ಕಾರಿ ಆರೋಗ್ಯ ಯೋಜನೆಗಳ ಫ್ಲೆಕ್ಸ್ ನೋಡಿರ್ತೀರ. ಮೇಲೆ ನಾಯಕರ ಮುಖ, ಕೆಳಗೆ ನಗ್ತಾ ನಿಂತ ಒಂದು ಕುಟುಂಬ, ನಡುವೆ ದಪ್ಪಕ್ಷರದಲ್ಲಿ ಒಂದು ಮೊತ್ತ: ಐದು ಲಕ್ಷ ರೂಪಾಯಿ. ಸರ್ಕಾರ ಬದಲಾದಾಗ ಮುಖ ಬದಲಾಗುತ್ತೆ, ಯೋಜನೆಯ ಹೆಸರು ಬದಲಾಗುತ್ತೆ, ಮೊತ್ತವೂ ಬೆಳೆಯುತ್ತೆ. ಆದರೆ ಅಳತೆಗೋಲು ಮಾತ್ರ ಯಾವಾಗಲೂ ದುಡ್ಡೇ. ನನ್ನ ತಕರಾರು ಇರೋದು ಈ ಅಳತೆಗೋಲಿನ ಬಗ್ಗೆ.

ನಾನು ಸಾಫ್ಟ್‌ವೇರ್ ಕೆಲಸದವನು. ಹುಟ್ಟಿ ಬೆಳೆದದ್ದು ಸಕಲೇಶಪುರ ತಾಲೂಕಿನ ಘಟ್ಟದಂಚಿನ ಹೊಂಗಡಹಳ್ಳದಲ್ಲಿ. ನಮ್ಮ ಕೆಲಸದಲ್ಲಿ ಒಂದು ಸರಳ ನಿಯಮ ಇದೆ. ಸೇವೆ ಪುಕ್ಕಟೆ ಅನ್ನೋದು ಒಂದು ಮಾತು, ಕೇಳಿದಾಗ ಅದು ಸಿಗುತ್ತಾ ಅನ್ನೋದು ಇನ್ನೊಂದು ಮಾತು. ಕ್ಲಿಕ್ ಮಾಡಿ ನಲವತ್ತು ಸೆಕೆಂಡ್ ಕಾದ ಬಳಕೆದಾರನಿಗೆ ಆ್ಯಪ್ ಫ್ರೀ ಅಂತ ಹೇಳಿ ಏನು ಪ್ರಯೋಜನ? ಅವನ ಪಾಲಿಗೆ ಅದು ಕೆಟ್ಟು ನಿಂತಿದೆ, ಅಷ್ಟೇ. ಆಸ್ಪತ್ರೆಯ ವಿಷಯದಲ್ಲಿ ಇದೇ ಮಾತು ಹೇಳಿದರೆ ಯಾಕೋ ಯಾರಿಗೂ ಕೇಳಿಸೋದಿಲ್ಲ.

ಮೊದಲು ನ್ಯಾಯವಾದ ಮಾತು ಹೇಳಿಬಿಡ್ತೀನಿ. ಕಾರ್ಡುಗಳೆಲ್ಲ ಬರೀ ಬೂಟಾಟಿಕೆ ಅನ್ನೋರ ಗುಂಪಿನವನಲ್ಲ ನಾನು. ಈ ವಿಚಾರದಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿಸಿದ ರಾಜ್ಯ. 2003ರಲ್ಲಿ ಯಶಸ್ವಿನಿ ಶುರುವಾದಾಗ ಸಹಕಾರ ಸಂಘದ ಸದಸ್ಯರಾಗಿದ್ದ ರೈತರು ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ ಐದು ರೂಪಾಯಿ ಕಟ್ಟಿ ದೊಡ್ಡ ದೊಡ್ಡ ಆಪರೇಷನ್ ಮಾಡಿಸಿಕೊಂಡರು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು. 2018ರಲ್ಲಿ ಆರೋಗ್ಯ ಕರ್ನಾಟಕ ಬಂತು, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿತು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನ ಆರೋಗ್ಯಶ್ರೀ ಇದ್ದ ಹಳ್ಳಿಗಳನ್ನೂ ಇಲ್ಲದ ಹಳ್ಳಿಗಳನ್ನೂ ಹೋಲಿಸಿ ನೋಡಿತ್ತು. ಯೋಜನೆಗೆ ಸೇರಿದ ಕಾಯಿಲೆಗಳಿಂದ ಆಗುವ ಸಾವು ಬಡ ಕುಟುಂಬಗಳಲ್ಲಿ 64 ಪರ್ಸೆಂಟ್ ಕಡಿಮೆ ಅಂತ ಅದರಲ್ಲಿ ಕಂಡುಬಂತು. ಇದು ಸಣ್ಣ ಮಾತಲ್ಲ.

ಆದರೆ ಆ ಯೋಜನೆ ಬರೀ ಕಾರ್ಡು ಹಂಚಿ ಕೂತಿರಲಿಲ್ಲ. ಪಟ್ಟಿಯಲ್ಲಿದ್ದ ಆಸ್ಪತ್ರೆಗಳು ಹಳ್ಳಿಗಳ ಕಡೆ ಬಂದು ಕ್ಯಾಂಪ್ ಮಾಡ್ತಿದ್ದವು, ಅಲ್ಲೇ ತಪಾಸಣೆ ಮಾಡಿ ರೋಗಿಗಳನ್ನ ಮುಂದಕ್ಕೆ ಕಳಿಸ್ತಿದ್ದವು. ಕಾಗದಪತ್ರ ನೋಡಿಕೊಳ್ಳೋಕೆ ಆರೋಗ್ಯಮಿತ್ರರು ಇದ್ದರು. ಅಂದರೆ ದುಡ್ಡಿನ ಜೊತೆ ದಾರಿಯನ್ನೂ ಸ್ವಲ್ಪ ಮಟ್ಟಿಗೆ ಯೋಜನೆಯೇ ಸವೆಸಿತ್ತು. ಆಮೇಲಿನ ಚರ್ಚೆಯಲ್ಲಿ ನಮಗೆ ದುಡ್ಡು ನೆನಪಲ್ಲಿ ಉಳೀತು, ದಾರಿ ಮರೆತುಹೋಯ್ತು.

ದಾರಿ ಅಂದರೆ ಏನು ಅನ್ನೋದನ್ನ 2025ರ ಮೇ, ಜೂನ್ ತಿಂಗಳುಗಳು ನಮ್ಮ ಜಿಲ್ಲೆಗೆ ಚೆನ್ನಾಗಿ ಕಲಿಸಿದವು. ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರು ಅನ್ನೋ ಸುದ್ದಿ ಟಿವಿ ತುಂಬಾ ಓಡಿತು. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು, ಆಟೋ, ಕಾರು ಓಡಿಸ್ತಿದ್ದವರೂ ಇದ್ದರು. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನಿಂದಲೇ ಕ್ಯೂ ನಿಂತರು. ಲಸಿಕೆಯಿಂದ ಹೀಗಾಯ್ತಾ ಅನ್ನೋ ಗದ್ದಲವೂ ಎದ್ದಿತು. ಜಯದೇವದ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ಜುಲೈನಲ್ಲಿ ವರದಿ ಕೊಟ್ಟಿತು. ಸಾವುಗಳು ವಿಪರೀತ ಹೆಚ್ಚಾಗಿಲ್ಲ, ಲಸಿಕೆ ಕಾರಣ ಅಲ್ಲ, ಸಕ್ಕರೆ ಕಾಯಿಲೆ, ಬಿಪಿ, ಬೀಡಿ ಸಿಗರೇಟು, ಕುಡಿತ, ಬೊಜ್ಜು ಇವೇ ಹಳೇ ಕಾರಣಗಳು ಅಂತ ವರದಿಯ ಸಾರ. ಟಿವಿಯವರು ಅಲ್ಲಿಗೆ ವಿಷಯ ಮುಗಿಸಿದರು.

ನನಗೆ ಅಲ್ಲಿಗೆ ಮುಗಿದಂತೆ ಕಾಣಲಿಲ್ಲ. ಎದೆ ನೋವು ಬಂದ ಮನುಷ್ಯನಿಗೆ ಮೊದಲು ಬೇಕಾಗಿರೋದು ಐದು ಲಕ್ಷ ಅಲ್ಲ, ಒಂದು ಇಸಿಜಿ. ಅದನ್ನ ಓದೋಕೆ ಬರುವ ಒಬ್ಬರು. ಬೇಕಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಒಂದು ಇಂಜೆಕ್ಷನ್. ಇದೆಲ್ಲ ಎಷ್ಟು ಬೇಗ ಆದರೆ ಹೃದಯದ ಸ್ನಾಯು ಅಷ್ಟು ಉಳಿಯುತ್ತೆ. ಹೀಗಿರುವಾಗ ಜಿಲ್ಲೆಯಲ್ಲಿ ಎಷ್ಟು ಜನ ಸತ್ತರು ಅನ್ನೋ ಪ್ರಶ್ನೆಯಷ್ಟೇ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ನೋವು ಶುರುವಾದ ಮೇಲೆ ಇಸಿಜಿ ಮೆಷಿನ್ನಿಗೆ ಅವರು ಎಷ್ಟು ನಿಮಿಷ ದೂರ ಇದ್ದರು?

ಈ ಪ್ರಶ್ನೆಯನ್ನ ಅರ್ಥ ಮಾಡಿಕೊಂಡಿರೋ ಯೋಜನೆ ಒಂದಿದೆ. ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಅವರ ಹೆಸರಲ್ಲಿ 2024ರಲ್ಲಿ ಶುರುವಾದ ಹೃದಯ ಜ್ಯೋತಿ. ಎದೆ ನೋವು ಅಂತ ಬಂದವರಿಗೆ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡ್ತಾರೆ. ಅದು ಆನ್‌ಲೈನಲ್ಲಿ ಜಯದೇವದಂಥ ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರಿಗೆ ಹೋಗುತ್ತೆ, ಅವರು ಹೇಳಿದರೆ ಹತ್ತಾರು ಸಾವಿರ ಬೆಲೆಯ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ತಾಲೂಕಿನಲ್ಲೇ ಉಚಿತ. ಆಮೇಲೆ ರೋಗಿಯನ್ನ ದೊಡ್ಡ ಆಸ್ಪತ್ರೆಗೆ ಕಳಿಸ್ತಾರೆ. ಹಾಸನದ ಗದ್ದಲದ ನಂತರ ಇದನ್ನ ಎಲ್ಲ ತಾಲೂಕು ಆಸ್ಪತ್ರೆಗಳಿಗೂ ವಿಸ್ತರಿಸ್ತೀವಿ ಅಂತ ಸರ್ಕಾರ ಪ್ರಕಟಿಸಿತು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಎಲ್ಲ ರಿಕ್ವೆಸ್ಟನ್ನೂ ಬೆಂಗಳೂರಿನ ಸರ್ವರಿಗೆ ಎಳೆಯೋ ಬದಲು ಬಳಕೆದಾರನ ಹತ್ತಿರಕ್ಕೆ ಸರ್ವರ್ ತಂದಿಟ್ಟ ಹಾಗೆ. ಫ್ಲೆಕ್ಸಿನಲ್ಲಿ ಹಾಕೋಕೆ ಲಕ್ಷದ ಮೊತ್ತ ಇಲ್ಲದ ಈ ಯೋಜನೆ ನನ್ನ ಪ್ರಕಾರ ಎಷ್ಟೋ ಕಾರ್ಡುಗಳಿಗಿಂತ ದೊಡ್ಡದು. ಯಾಕಂದ್ರೆ ಇದು ನಿಮಿಷದಲ್ಲಿ ಯೋಚನೆ ಮಾಡುತ್ತೆ.

ಆದರೆ ಇದೂ ತಾಲೂಕಿನ ತನಕ ಬಂದು ನಿಲ್ಲುತ್ತೆ. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯಿಂದ ಹಾಸನದ ಮೆಡಿಕಲ್ ಕಾಲೇಜಿಗೆ ಸುಮಾರು 40 ಕಿಲೋಮೀಟರ್, ಒಳ್ಳೆ ರಸ್ತೆ. ಕಷ್ಟ ಇರೋದು ಅದರ ಹಿಂದಿನ ತುಂಡಿನಲ್ಲಿ, ಊರಿಂದ ಸಕಲೇಶಪುರದ ತನಕ. ಮೊದಲು ಸಿಗ್ನಲ್ ಸಿಗೋ ಜಾಗಕ್ಕೆ ಹೋಗಿ ಫೋನ್ ಮಾಡಬೇಕು. 108ರ ಗಾಡಿ ಬರೋ ತನಕ ಕಾಯೋದಾ, ಯಾರದಾದ್ರೂ ಜೀಪಿಗೆ ಹೇಳೋದಾ ಅಂತ ತೀರ್ಮಾನ ಮಾಡಬೇಕು. ಜೀಪಾದ್ರೆ ಬಾಡಿಗೆ ಹೊಂದಿಸಬೇಕು. ಮಳೆಗಾಲದಲ್ಲಿ ಅಡ್ಡಬಿದ್ದ ಮರ, ರಾತ್ರಿಯಾದ್ರೆ ರಸ್ತೆಯಲ್ಲಿ ನಿಂತ ಆನೆ. ಮಂಗಳೂರು ಕಡೆ ಇಳಿದುಬಿಡೋಣ ಅಂದರೆ ಶಿರಾಡಿ ಘಾಟಿ ತೆರೆದಿರಬೇಕು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಆ ರಸ್ತೆ ಮುಚ್ಚಿದಾಗ ಎಷ್ಟು ಪರದಾಟ ಆಯ್ತು ಅಂತ ಘಟ್ಟದ ಮೇಲಿನವರಿಗೂ ಗೊತ್ತು, ಕೆಳಗಿನವರಿಗೂ ಗೊತ್ತು.

2008ರ ನವೆಂಬರಿನಲ್ಲಿ ಶುರುವಾದ 108 ಎಷ್ಟೋ ಜೀವ ಉಳಿಸಿದೆ, ಅನುಮಾನವೇ ಇಲ್ಲ. ಅದರ ಚರ್ಚೆ ಬಂದಾಗ ಮಾತ್ರ ಎಲ್ಲರೂ ಸರಾಸರಿ ಹೇಳ್ತಾರೆ, ಆಂಬುಲೆನ್ಸ್ ಸರಾಸರಿ ಇಷ್ಟು ನಿಮಿಷದಲ್ಲಿ ತಲುಪುತ್ತೆ ಅಂತ. ಡ್ಯಾಶ್‌ಬೋರ್ಡ್ ನೋಡಿ ಅಭ್ಯಾಸ ಇರೋ ಯಾರಾದ್ರೂ ಸರಾಸರಿಯನ್ನ ನಂಬ್ತೀರಾ? ನಾವು ಕೇಳೋದು ಪಿ99. ನೂರು ಸಲ ಕರೆದರೆ ಅತಿ ನಿಧಾನವಾದ ಆ ಒಂದು ಸಲಕ್ಕೆ ಎಷ್ಟು ಹೊತ್ತಾಯ್ತು? ಸರಾಸರಿ ಚೆನ್ನಾಗಿ ಕಾಣೋದು ಪೇಟೆಗಳ ದಯೆಯಿಂದ. ಹೊಂಗಡಹಳ್ಳದಂಥ ಊರುಗಳು ಬದುಕ್ತಿರೋದು ಪಿ99ರಲ್ಲಿ.

ಪ್ರಾಥಮಿಕ ಆರೋಗ್ಯ ಕೇಂದ್ರಗಳ ವಿಷಯದಲ್ಲೂ ದಶಕಗಳಿಂದ ಬಂದ ಲೆಕ್ಕ ತಲೆ ಎಣಿಕೆಯದು. ಬಯಲಿನಲ್ಲಿ 30,000 ಜನಕ್ಕೆ ಒಂದು, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು. ಮಲೆನಾಡಿಗೆ ರಿಯಾಯಿತಿ ಕೊಟ್ಟ ಹಾಗೆ ಕಾಣುತ್ತೆ. ಆದರೆ ತೋಟಕ್ಕೊಂದು ಮನೆ, ಗುಡ್ಡಕ್ಕೊಂದು ಮನೆ ಇರೋ ಕಡೆ 20,000 ಜನ ಸೇರಬೇಕಾದರೆ ಎಷ್ಟು ಗುಡ್ಡ ದಾಟಬೇಕು ಅಂತ ಒಂದು ಸಲ ಮ್ಯಾಪ್ ತೆಗೆದು ನೋಡಿ.

ಹೃದಯಾಘಾತ ಬಿಡಿ, ಅದು ಅಪರೂಪಕ್ಕೆ ಬರೋದು. ಬಿಪಿ ಮಾತ್ರೆಯ ಲೆಕ್ಕ ಇನ್ನೂ ವಿಚಿತ್ರ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ. ಅದನ್ನ ತರೋಕೆ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬಂದರೆ ಒಂದು ದಿನದ ಕೂಲಿ ಹೋಯ್ತು. ಕಾಫಿ ಕುಯ್ಲಿನ ಸಮಯದಲ್ಲಿ ಯಾರು ಹೋಗ್ತಾರೆ? ಮಾತ್ರೆ ಬಿಟ್ಟುಹೋಗುತ್ತೆ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಸ್ವಂತ ಜೇಬಿಂದ ಹಾಕೋ ಪಾಲು 2013-14ರಲ್ಲಿ 64.2 ಪರ್ಸೆಂಟ್ ಇದ್ದದ್ದು 2021-22ಕ್ಕೆ 39.4ಕ್ಕೆ ಇಳಿದಿದೆ. ಸಂತೋಷ. ಆದರೆ ತಪ್ಪಿಹೋದ ಕೂಲಿ ಈ ಲೆಕ್ಕಕ್ಕೆ ಬರೋದಿಲ್ಲ. ಬಿಟ್ಟ ಮಾತ್ರೆಯಂತೂ ಖರ್ಚೇ ಅಲ್ಲ, ಲೆಕ್ಕಪತ್ರದಲ್ಲಿ ಅದು ಉಳಿತಾಯ! ಮುಂದೆ ಲಕ್ವ ಹೊಡೆದಾಗ ಕಾರ್ಡು ಕೆಲಸಕ್ಕೆ ಬರುತ್ತೆ, ಆಗ ಯೋಜನೆಯ ಫಲಾನುಭವಿ ಅಂತ ಹೆಸರೂ ಬರುತ್ತೆ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆ ಮನೆ ಬಾಗಿಲಿಗೇ ಹೋಗಿ ಬಿಪಿ, ಶುಗರ್ ನೋಡೋ ಉದ್ದೇಶದ್ದು. ದಿಕ್ಕು ಸರಿಯಾಗಿದೆ. ಗುಡ್ಡದ ಮೇಲಿನ ಕೊನೆ ಮನೆಗೆ ತಿಂಗಳು ತಿಂಗಳೂ ತಪ್ಪದೆ ಮಾತ್ರೆ ಹೋಗುತ್ತಾ ಅನ್ನೋದರ ಮೇಲೆ ಅದನ್ನ ಅಳೆಯಬೇಕು.

ಇನ್ನು ‘ಎಲ್ಲರಿಗೂ ಆರೋಗ್ಯ’ ಅನ್ನೋ ಮಾತಿನ ‘ಎಲ್ಲರೂ’ ಯಾರು? ಎರಡು ಎಕರೆ ಕಾಫಿ ಇದ್ದು ಎಪಿಎಲ್ ಕಾರ್ಡಿರೋ ಕುಟುಂಬಕ್ಕೆ ಆರೋಗ್ಯ ಕರ್ನಾಟಕ ಕೊಡೋದು ಪ್ಯಾಕೇಜ್ ದರದ 30 ಪರ್ಸೆಂಟ್ ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ಉಳಿದ 70 ಪರ್ಸೆಂಟಿಗೆ ತೋಟದ ಮೇಲೆ ಸಾಲ. ಇನ್ನೊಂದು ಕಡೆ, ಇವತ್ತು ಸಕಲೇಶಪುರದ ತೋಟಗಳ ಲೈನ್ ಮನೆಗಳಲ್ಲಿ ಅಸ್ಸಾಂ ಕಡೆಯಿಂದ ಬಂದ ಎಷ್ಟೋ ಕುಟುಂಬಗಳಿವೆ. ಅವರಿಲ್ಲದೆ ಕುಯ್ಲು ಮುಗಿಯೋಲ್ಲ. ಕರ್ನಾಟಕದ ರೇಷನ್ ಕಾರ್ಡ್ ಇಲ್ಲದ ಅವರಿಗೆ ಇಲ್ಲಿನ ಯೋಜನೆ ಸುಲಭಕ್ಕೆ ದಕ್ಕೋದಿಲ್ಲ, ಕೌಂಟರಿನಲ್ಲಿ ಮಾತಾಡೋಕೆ ಕನ್ನಡವೂ ಬರೋದಿಲ್ಲ. ಕಾಯಿಲೆ ಮಾತ್ರ ಕಾರ್ಡಿನ ಬಣ್ಣ ಕೇಳೋದಿಲ್ಲ.

ಹಾಗಂತ ಊರಿಗೊಂದು ಜಯದೇವ ಕಟ್ಟೋಕಾಗುತ್ತಾ ಅಂತ ನೀವು ಕೇಳಬಹುದು. ಆಗೋಲ್ಲ, ಬೇಕಾಗೂ ಇಲ್ಲ. ನಾನು ಕೇಳ್ತಿರೋದು ಅದಕ್ಕಿಂತ ತುಂಬಾ ಸಣ್ಣದು. ಪ್ರತಿ ಊರಿನಿಂದ ಇಸಿಜಿ ಇರೋ ಜಾಗಕ್ಕೆ, ಹೆರಿಗೆ ಮಾಡಿಸೋ ಜಾಗಕ್ಕೆ, ಹಾವಿನ ವಿಷಕ್ಕೆ ಮದ್ದು ಇರೋ ಜಾಗಕ್ಕೆ ಮಳೆಗಾಲದ ರಾತ್ರಿ ಎಷ್ಟು ನಿಮಿಷ ಆಗುತ್ತೆ ಅಂತ ಅಳೆದು, ಊರಿನ ಹೆಸರಿನ ಮುಂದೆ ಬರೆದು ಪ್ರಕಟಿಸಿ. ಎಲ್ಲಿ ನಿಮಿಷ ಜಾಸ್ತಿಯೋ ಅಲ್ಲಿನ ಆರೋಗ್ಯ ಕೇಂದ್ರಕ್ಕೆ ಮೊದಲು ಇಸಿಜಿ ಮೆಷಿನ್ ಕೊಡಿ. ರಾತ್ರಿ ಊರಿನ ಜೀಪು ಬಂದರೆ ಅದರ ಬಾಡಿಗೆಯನ್ನ ಆ ಐದು ಲಕ್ಷದಲ್ಲೇ ಕೊಡಿ.

ಅಳೆಯೋಕಾಗಲ್ಲ ಅನ್ನೋ ಮಾತನ್ನ ನಾನು ಒಪ್ಪೋದಿಲ್ಲ. ಸಕಲೇಶಪುರ, ಆಲೂರು ಕಡೆ ಇವತ್ತು ಆನೆ ಎಲ್ಲಿದೆ ಅಂತ ಜನರ ಮೊಬೈಲಿಗೆ ಮೆಸೇಜ್ ಬರುತ್ತೆ. ಗುಂಡ್ಯ ಜಲವಿದ್ಯುತ್ ಯೋಜನೆಯ ಕಡತಗಳಲ್ಲಿ ಎತ್ತಿನಹೊಳೆ, ಕೇರಿಹೊಳೆಗಳ ಜೊತೆ ನಮ್ಮ ಹೊಂಗಡಹಳ್ಳದ ನೀರಿಗೂ ಲೆಕ್ಕ ಹಾಕಿದ್ದಾರೆ. ಬೆಂಗಳೂರಿನಲ್ಲಿ ಕೊತ್ತಂಬರಿ ಸೊಪ್ಪು ಹತ್ತು ನಿಮಿಷದಲ್ಲಿ ಮನೆಗೆ ಬರೋ ಹಾಗೆ ಮ್ಯಾಪು, ರೂಟು, ಟೈಮು ಎಲ್ಲ ಕೂಡಿಸಿ ಕಳೆದು ಕೋಡ್ ಬರೆದವರು ನಾವೇ. ನಮ್ಮಲ್ಲಿ ಎಷ್ಟೋ ಜನರ ಅಪ್ಪ ಅಮ್ಮ ಇವತ್ತಿಗೂ ಪಿ99ರಲ್ಲೇ ಇದ್ದಾರೆ. ಅವರ ಹೆಸರನ್ನ ಕಂಪನಿಯ ಇನ್ಶೂರೆನ್ಸಿಗೆ ಸೇರಿಸಿ ನಿಶ್ಚಿಂತೆಯಿಂದ ಇರ್ತೀವಿ. ಅದೂ ಇನ್ನೊಂದು ಕಾರ್ಡೇ. ಆಸ್ಪತ್ರೆಯ ಬಾಗಿಲಿನಿಂದ ಒಳಗೆ ಮಾತ್ರ ಅದರ ಕೆಲಸ.

ಮುಂದಿನ ಸಲ ಯಾವುದಾದ್ರೂ ಆರೋಗ್ಯ ಯೋಜನೆಯ ಸುದ್ದಿ ನಿಮ್ಮ ವಾಟ್ಸಾಪಿಗೆ ಬಂದರೆ, ಎಷ್ಟು ಲಕ್ಷ ಅಂತ ನೋಡಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ. ಶಾಸಕರನ್ನ ಕೇಳಿ, ಅಧಿಕಾರಿಗಳನ್ನ ಕೇಳಿ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕೇಳಿ: ನಮ್ಮೂರಿಂದ ಎಷ್ಟು ನಿಮಿಷ?