ಹಗುರ ಕೋವಿ ಯಾರಿಗೆ ಬೇಕು?

ಹೆಗಲ ಮೇಲೆ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ಒಮ್ಮೆ ಕುದುರೆ ಎಳೆದರೆ ಸಾಕು, ಖಾಲಿ ತೋಟೆ ಹೊರಗೆಸೆದು ಮುಂದಿನದನ್ನು ತಾನೇ ತುಂಬಿಕೊಳ್ಳುತ್ತದೆ. ಹೊಸ ಕಾಲದ ಸೆಮಿ ಆಟೊಮ್ಯಾಟಿಕ್ ತೋಟಾಕೋವಿಗಳನ್ನು ಹೊಗಳುವವರು ಈ ಎರಡು ಗುಣಗಳನ್ನೇ ಮುಂದಿಡುತ್ತಾರೆ. ಹಕ್ಕಿ ಬೇಟೆಗೂ ಆಯಿತು, ಹಾರುವ ಬಿಲ್ಲೆಗಳನ್ನು ಹೊಡೆಯುವ ಕ್ಲೇ ಶೂಟಿಂಗಿಗೂ ಆಯಿತು, ಒಂದೇ ಕೋವಿ ಎರಡಕ್ಕೂ ಸಾಕು ಎನ್ನುವುದು ಅವರ ವಾದ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಲೈಸೆನ್ಸುದಾರನ ಜಾಗದಲ್ಲಿ ನಿಂತು ನೋಡಿದರೆ ಈ ವಾದಕ್ಕೆ ಎರಡು ಕಾಲೂ ಕುಂಟು.

ಹಗುರ ಕೋವಿ ಹುಟ್ಟಿದ್ದು ನಡೆಯುವ ಬೇಟೆಗಾರನಿಗಾಗಿ. ಕುರುಚಲು ಗುಡ್ಡಗಳನ್ನು ದಿನವಿಡೀ ಹತ್ತಿಳಿದು, ಕಾಲಬುಡದಿಂದ ಬುರ್ರನೆ ಏಳುವ ಕೌಜುಗಕ್ಕೆ ತಟ್ಟನೆ ಗುರಿ ಹಿಡಿಯುವವನಿಗೆ ಮುಕ್ಕಾಲು ಕಿಲೋ ಕಡಿಮೆಯಾದರೂ ದೊಡ್ಡ ಲಾಭವೇ. ನಮ್ಮ ಸೀಮೆಗೆ ಬೇಟೆಯ ಹೆಸರೂ ಇತ್ತು. ಬೆಂಗಳೂರಿನ ಬೇಟೆಗಾರ, ಲೇಖಕ ಕೆನೆತ್ ಆಂಡರ್ಸನ್ .405 ವಿಂಚೆಸ್ಟರ್ ರೈಫಲ್ ಹಿಡಿದು ತಿರುಗಿದ ಕಾಡುಗಳಲ್ಲಿ ಈ ಸೀಮೆಯವೂ ಸೇರಿವೆ. ಪೂರ್ಣಚಂದ್ರ ತೇಜಸ್ವಿ ಆಂಡರ್ಸನ್‌ನ ಬೇಟೆಯ ಕತೆಗಳನ್ನು ಕನ್ನಡಕ್ಕೆ ತಂದಾಗ ಒಂದು ಸಂಪುಟದ ಹೆಸರಿನಲ್ಲೇ ಮಾಗಡಿಯ ಚಿರತೆ ಬಂದು ಕೂತಿತು. ಆ ಕತೆಗಳನ್ನು ಓದಿ ಕೋವಿಯ ಆಸೆ ಹತ್ತಿಸಿಕೊಂಡವರು ಒಂದು ಸಂಗತಿಯನ್ನು ಮರೆಯುತ್ತಾರೆ. ಕೋವಿ ಹಿಡಿದು ಕಾಡು ಸುತ್ತಿದ್ದ ತೇಜಸ್ವಿಯವರೇ ಮುಂದೆ ಹಕ್ಕಿಗಳ ಎದುರು ಹಿಡಿದು ಕೂತದ್ದು ಕ್ಯಾಮೆರಾ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ 1991ರ ತಿದ್ದುಪಡಿ ಸೇರಿ ಆ ಬೇಟೆಯ ಕಾಲವನ್ನು ಮುಗಿಸಿದವು. ಕೌಜುಗ, ಬುರ್ಲಿ, ಕಾಡುಕೋಳಿ ಯಾವುದನ್ನೂ ಹೊಡೆಯುವಂತಿಲ್ಲ. ರಾಗಿ ಹೊಲಕ್ಕೆ ನುಗ್ಗುವ ನವಿಲಂತೂ ಮೊದಲನೇ ಅನುಸೂಚಿಯಲ್ಲಿದೆ. ಬೆಳೆ ರಕ್ಷಣೆಗೆಂದು ಲೈಸೆನ್ಸು ಕೊಟ್ಟಿದ್ದಾರಲ್ಲ ಎಂದು ಕೇಳುವವರಿದ್ದಾರೆ. ಅದು ಕೋವಿ ಇಟ್ಟುಕೊಳ್ಳಲು ಸಿಕ್ಕ ಅನುಮತಿಯೇ ಹೊರತು ಪ್ರಾಣಿ ಹೊಡೆಯಲು ಸಿಕ್ಕ ಅನುಮತಿಯಲ್ಲ. ಅದಕ್ಕೆ ಅರಣ್ಯ ಇಲಾಖೆಯ ಆದೇಶ ಬೇರೆಯೇ ಬೇಕು.

ಕಾನೂನು ಬದಿಗಿಟ್ಟರೂ ಇಲ್ಲಿ ಇನ್ನೊಂದು ತೊಡಕಿದೆ. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದರು. ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುವ ಬಂಡೆಗಳವು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಈ ಕುಲವನ್ನು ಬಹುಪಾಲು ಅಳಿಸಿಹಾಕಿದ ಮೇಲೆ, 2006ರಲ್ಲಿ ಆ ಔಷಧಿಯ ಪಶುಬಳಕೆಯನ್ನು ನಿಷೇಧಿಸಲಾಯಿತು. ಕೋವಿಯ ಚರೆಯಲ್ಲಿರುವುದು ಸೀಸ. ಗಾಯಗೊಂಡು ಪೊದೆಯಲ್ಲಿ ಸತ್ತ ಪ್ರಾಣಿಯ ಜತೆ ಚರೆಯೂ ಹದ್ದಿನ ಹೊಟ್ಟೆ ಸೇರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ಮಹಾಹದ್ದಿನ ಸಾವಿಗೆ ದೊಡ್ಡ ಕಾರಣಗಳಲ್ಲೊಂದು ಈ ಸೀಸವೇ. ಹಾಗಾಗಿ ಹಕ್ಕಿಯ ವಿಚಾರ ಇಲ್ಲಿಗೇ ಬಿಡೋಣ.

ಉಳಿದದ್ದು ಕ್ಲೇ. ಕೋವಿಯ ನಿಜವಾದ ಪರೀಕ್ಷೆ ಇಲ್ಲಿದೆ. ಒಲಿಂಪಿಕ್ ಟ್ರ್ಯಾಪ್ ಎಂಬ ಕ್ಲೇ ಸ್ಪರ್ಧೆಯಲ್ಲಿ ಶೂಟರನ ಮುಂದೆ 15 ಮೀಟರ್ ದೂರದ ಕಂದಕದೊಳಗೆ 15 ಯಂತ್ರಗಳು ಅಡಗಿರುತ್ತವೆ. ಅವನು ಕೂಗಿದೊಡನೆ 110 ಮಿ.ಮೀ. ಅಗಲದ, 105 ಗ್ರಾಂ ತೂಕದ ಬಿಲ್ಲೆಯೊಂದು ಯಾವುದೋ ಯಂತ್ರದಿಂದ ಚಿಮ್ಮುತ್ತದೆ. ಎಡಕ್ಕೋ ಬಲಕ್ಕೋ ಮುಂಚಿತವಾಗಿ ಗೊತ್ತಿಲ್ಲ. ನಳಿಗೆ ಬಿಲ್ಲೆಯ ಹಿಂದೆ ಓಡಿ, ಅದನ್ನು ದಾಟಿ, ಗುಂಡು ಹಾರಿದ ಮೇಲೂ ನಿಲ್ಲದೆ ಸಾಗಬೇಕು. ಹಗುರ ಕೋವಿ ಬೇಗ ಹೊರಡುತ್ತದೆ, ಅಷ್ಟೇ ಬೇಗ ನಿಂತೂ ಬಿಡುತ್ತದೆ. ನಳಿಗೆ ನಿಂತರೆ ಚರೆ ಬಿಲ್ಲೆಯ ಹಿಂದೆ ಹೋಯಿತೆಂದೇ ಲೆಕ್ಕ. ಮೂತಿಯಲ್ಲಿ ಒಂದಿಷ್ಟು ಭಾರವಿದ್ದರೆ ಆ ಓಟ ತಾನಾಗಿ ಮುಂದುವರಿಯುತ್ತದೆ.

ಇನ್ನು ಒದೆತ. ಒಂದೇ ತೋಟೆಯನ್ನು 3.6 ಕಿಲೋ ಕೋವಿಯಲ್ಲೂ 2.8 ಕಿಲೋ ಕೋವಿಯಲ್ಲೂ ಹಾರಿಸಿದರೆ, ಹಗುರದ್ದು ಕಾಲುಪಾಲಿಗಿಂತ ಹೆಚ್ಚು ಶಕ್ತಿಯಿಂದ ಹಿಂದಕ್ಕೆ ಒದೆಯುತ್ತದೆ. ದಿನಕ್ಕೆ ನಾಲ್ಕು ಗುಂಡು ಹೊಡೆಯುವ ಬೇಟೆಗಾರನಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಟ್ರ್ಯಾಪ್‌ನ ಅರ್ಹತಾ ಸುತ್ತಿನಲ್ಲಿ 125 ಬಿಲ್ಲೆ, ಒಂದೊಂದಕ್ಕೂ ಎರಡು ಗುಂಡಿನವರೆಗೆ ಅವಕಾಶ. ಅಭ್ಯಾಸದ್ದು ಬೇರೆ. ಭುಜ ಕೆಂಪಾದ ಮೇಲೆ ಮನಸ್ಸು ಕುದುರೆ ಎಳೆಯುವ ಮೊದಲೇ ಹಿಂಜರಿಯಲು ಶುರುಮಾಡುತ್ತದೆ.

ಸೆಮಿ ಆಟೊಮ್ಯಾಟಿಕ್ ಒದೆತವನ್ನು ಕಡಿಮೆ ಮಾಡುತ್ತದಲ್ಲ ಎಂಬ ಮಾತು ಅರ್ಧ ಸತ್ಯ. ಜಾನ್ ಬ್ರೌನಿಂಗ್‌ನ ಆಟೊ-5 ನೂರು ವರ್ಷದ ಹಿಂದೆಯೇ ಒದೆತದ ಬಲವನ್ನೇ ಬಳಸಿ ತೋಟೆ ತುಂಬಿಕೊಂಡಿತ್ತು. ಈಗಿನವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಬೆರೆಟ್ಟಾದ ಎ400 ಥರದ್ದು ನಳಿಗೆಯ ತೂತಿನಿಂದ ಮದ್ದಿನ ಅನಿಲ ಕದ್ದು ಪಿಸ್ಟನ್ ತಳ್ಳುತ್ತದೆ. ಭುಜಕ್ಕೆ ಮೃದು, ಆದರೆ ಮಸಿ ಕಟ್ಟುತ್ತದೆ, ಆಗಾಗ ಬಿಚ್ಚಿ ಒರೆಸಬೇಕು. ಬೆನೆಲ್ಲಿಯದು ಬೋಲ್ಟಿನೊಳಗಿನ ಒಂದು ಗಟ್ಟಿ ಸ್ಪ್ರಿಂಗಿನ ಮೇಲೆ ನಡೆಯುತ್ತದೆ. ಚೊಕ್ಕಟ, ಹಗುರ, ಸರಳ. ಕೆಲಸ ಮಾಡಲು ಮಾತ್ರ ಕೋವಿ ಚೆನ್ನಾಗಿ ಹಿಂದಕ್ಕೆ ಒದೆಯಲೇಬೇಕು. ಸ್ಪರ್ಧೆಯ ತೋಟೆಯಲ್ಲಿ ಚರೆ 24 ಗ್ರಾಂ ಮೀರುವಂತಿಲ್ಲ. ಅಷ್ಟು ಸೌಮ್ಯ ತೋಟೆಗೆ ಈ ಬಗೆಯ ಕೆಲವು ಕೋವಿಗಳು ಮುನಿಸಿಕೊಂಡು ಅರ್ಧಕ್ಕೆ ನಿಂತುಬಿಡುತ್ತವೆ. ಎರಡರಲ್ಲಿ ಒಂದನ್ನು ಆರಿಸಲೇಬೇಕೆಂದರೆ ನಾನು ಅನಿಲದ್ದನ್ನೇ ಆರಿಸುತ್ತೇನೆ, ಅದೂ ಭಾರದ್ದನ್ನು.

ಆದರೆ ಆರಿಸಲೇಬೇಕಾದ ಅಗತ್ಯವಿಲ್ಲ. ದೊಡ್ಡ ಸ್ಪರ್ಧೆಗಳ ಸಾಲಿನಲ್ಲಿ ನಿಂತವರ ಕೈ ನೋಡಿ: ಒಂದರ ಮೇಲೊಂದು ನಳಿಗೆ ಕೂರಿಸಿದ ಜೋಡಿನಳಿಗೆಯೇ ಹೆಚ್ಚು. ಬಿಚ್ಚಿ ತೋಳಿಗೆ ಹಾಕಿಕೊಂಡರೆ ಖಾಲಿ ಇದೆಯೆಂದು ದೂರದಲ್ಲಿದ್ದವರಿಗೂ ಕಾಣುತ್ತದೆ. ಉಗುಳಿದ ಬಿಸಿ ತೋಟೆ ಪಕ್ಕದವನ ಕೆನ್ನೆಗೆ ತಾಗುವುದಿಲ್ಲ. ಅಂತರರಾಷ್ಟ್ರೀಯ ನಿಯಮ ಸೆಮಿ ಆಟೊಮ್ಯಾಟಿಕ್‌ಗೆ ಅವಕಾಶ ಕೊಟ್ಟಿದ್ದರೂ ಅದರಲ್ಲಿ ಎರಡಕ್ಕಿಂತ ಹೆಚ್ಚು ತೋಟೆ ತುಂಬುವಂತಿಲ್ಲ. ಹಾಗಿದ್ದ ಮೇಲೆ ಅದರ ಹೆಚ್ಚುಗಾರಿಕೆ ಎಲ್ಲಿ ಉಳಿಯಿತು? 

ಬೆಲೆಯ ಮಾತು ಉದ್ದ ಬೇಡ. 1980ರ ದಶಕದಿಂದ ಸಾಮಾನ್ಯ ಲೈಸೆನ್ಸುದಾರ ವಿದೇಶಿ ಕೋವಿ ತರಿಸಿಕೊಳ್ಳುವ ಬಾಗಿಲು ಮುಚ್ಚಿದೆ. ಹೆಸರು ಮಾಡಿದ ಶೂಟರುಗಳಿಗಷ್ಟೇ ರಿಯಾಯಿತಿ. ಕೈ ಬದಲಾಯಿಸುತ್ತಾ ಬಂದ ಹಳೆಯ ಇಟಾಲಿಯನ್ ಕೋವಿಗೆ ಸುರಿಯುವ ಹಣದಲ್ಲಿ ದೇಸಿ ಜೋಡಿನಳಿಗೆಯೂ ಬರುತ್ತದೆ, ಒಳ್ಳೆಯ ತರಬೇತುದಾರನ ಕೈಕೆಳಗೆ ವರ್ಷಗಟ್ಟಲೆ ಕಲಿಕೆಯೂ ಆಗುತ್ತದೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಸಾಮಾನ್ಯ ಲೈಸೆನ್ಸುದಾರ ಇಟ್ಟುಕೊಳ್ಳಬಹುದಾದದ್ದು ಎರಡೇ ಕೋವಿ. ಅದರಲ್ಲೊಂದನ್ನು ಆಸೆಯ ಕೋವಿಗೆ ಮೀಸಲಿಡುವುದು ನನ್ನ ಲೆಕ್ಕದಲ್ಲಿ ದುಂದು.

ಮುಂಗಡ ಕೊಡುವ ಮೊದಲು ಎರಡು ಕಾಗದ ನೋಡಿಕೊಳ್ಳಿ. ಒಂದು, ನಿಮ್ಮ ಲೈಸೆನ್ಸಿನಲ್ಲಿ ಯಾವ ಬಗೆಯ ಕೋವಿ, ವರ್ಷಕ್ಕೆ ಎಷ್ಟು ತೋಟೆ ಎಂದು ಬರೆದಿದೆ ಎನ್ನುವುದು. ಸೆಮಿ ಆಟೊಮ್ಯಾಟಿಕ್ ಅದರಲ್ಲಿ ಸೇರುತ್ತದೆಯೇ ಎಂದು ಡಿ.ಸಿ. ಕಚೇರಿಯಲ್ಲಿ ಬರಹದಲ್ಲೇ ಕೇಳಿ ಪಡೆಯಿರಿ. ಇನ್ನೊಂದು, ವನ್ಯಜೀವಿ ಕಾಯ್ದೆಯ 34ನೇ ಕಲಮು. ಅಭಯಾರಣ್ಯದಿಂದ 10 ಕಿ.ಮೀ. ಒಳಗೆ ವಾಸಿಸುವ ಲೈಸೆನ್ಸುದಾರ ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಅಲ್ಲಿ ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ರಾಮದೇವರ ಬೆಟ್ಟದ ಕಾರಣಕ್ಕೆ ರಾಮನಗರ ಪಟ್ಟಣ, ಕಾವೇರಿ ವನ್ಯಜೀವಿ ಧಾಮದ ಕಾರಣಕ್ಕೆ ಕನಕಪುರದ ದಕ್ಷಿಣದ ಹಳ್ಳಿಗಳು ಆ ಹತ್ತು ಕಿಲೋಮೀಟರಿನೊಳಗೇ ಬರುತ್ತವೆ.