ಎಲ್ಲರೂ ಧಾರ್ಮಿಕರೆ? ಗುಜರಾತಿನ ಕೆಲವು ಪ್ರಸಂಗಗಳ ಹಿನ್ನೆಲೆಯಲ್ಲಿ ಒಂದು ಪರಿಶೀಲನೆ

ಮನುಷ್ಯನಾಗಿ ಹುಟ್ಟಿದ ಪ್ರತಿಯೊಬ್ಬನೂ ಒಂದಲ್ಲ ಒಂದು ಬಗೆಯಲ್ಲಿ ಧಾರ್ಮಿಕನೇ ಎಂಬ ಮಾತು ಆಧುನಿಕ ಭಾರತೀಯ ಚಿಂತನೆಯಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ದೇವರನ್ನು ಒಪ್ಪದವನೂ ಸತ್ಯವನ್ನೋ ನ್ಯಾಯವನ್ನೋ ನಂಬಿಯೇ ಬದುಕುತ್ತಾನೆ, ಆ ನಂಬಿಕೆಯೇ ಅವನ ಧರ್ಮ ಎಂಬುದು ಇದರ ಹಿಂದಿನ ತರ್ಕ. ಮೇಲುನೋಟಕ್ಕೆ ಉದಾರವಾಗಿ ತೋರುವ ಈ ನಿಲುವು ‘ನಾನು ಧಾರ್ಮಿಕನಲ್ಲ’ ಎನ್ನುವವನ ಮಾತಿಗೆ ಯಾವ ಬೆಲೆ ಕೊಡುತ್ತದೆ ಎಂಬುದು ಇಲ್ಲಿನ ಪ್ರಶ್ನೆ. ಸೂರತ್, ವಡೋದರಾ ಮತ್ತು ಅಹಮದಾಬಾದ್ ನಗರಗಳಿಗೆ ಸಂಬಂಧಿಸಿದ ಕೆಲವು ಪ್ರಸಂಗಗಳನ್ನು ಕನ್ನಡದ ಪದವಿವೇಕದ ಬೆಳಕಿನಲ್ಲಿ ನೋಡುವುದು ಈ ಟಿಪ್ಪಣಿಯ ಉದ್ದೇಶ.

ಮೊದಲಿಗೆ ಪದಗಳನ್ನು ಗಮನಿಸಬೇಕು. ಕನ್ನಡದಲ್ಲಿ ‘ಧರ್ಮ’ ಎಂಬುದು ಬಹಳ ಅಗಲವಾದ ಪದ. ದಾನಧರ್ಮ, ಧರ್ಮಛತ್ರ, ಗುಣಧರ್ಮ ಎಂಬ ಬಳಕೆಗಳಲ್ಲಿ ದೇವರ ಮಾತೇ ಇಲ್ಲ. ಸುಡುವುದು ಬೆಂಕಿಯ ಧರ್ಮ ಎನ್ನುವಾಗ ಮನುಷ್ಯನ ಮಾತೂ ಇಲ್ಲ. ಈ ಅರ್ಥದಲ್ಲಿ ಎಲ್ಲರಿಗೂ, ಎಲ್ಲಕ್ಕೂ ಧರ್ಮವಿದೆ. ಆದರೆ ‘ಮತ’ ಎಂಬ ಪದದ ನಡೆ ಬೇರೆ. ಅದು ಅಭಿಪ್ರಾಯವನ್ನೂ ಚುನಾವಣೆಯ ಮತವನ್ನೂ ಪಂಥವನ್ನೂ ಒಟ್ಟಿಗೆ ಸೂಚಿಸುತ್ತದೆ. ಮೊದಲೆರಡು ಅರ್ಥಗಳಲ್ಲಿ ವ್ಯಕ್ತಿಯ ಒಪ್ಪಿಗೆ ಅಡಕವಾಗಿದೆ. ಆ ಒಪ್ಪಿಗೆಯ ನೆರಳು ಮೂರನೆಯ ಅರ್ಥದ ಮೇಲೂ ಬೀಳುತ್ತದೆ. ಗುಜರಾತಿಯಲ್ಲಿಯೂ ‘ಮತ’ ಇದೆ. ಆದರೆ ಅಲ್ಲಿ ‘ಮತಾಂತರ’ವೆಂದರೆ ಅಭಿಪ್ರಾಯಭೇದ, ಕನ್ನಡದ ‘ಮತಾಂತರ’ಕ್ಕೆ ಅಲ್ಲಿನ ಸಂವಾದಿ ಪದ ‘ಧರ್ಮಾಂತರ’. ಹೀಗಾಗಿ ಕನ್ನಡವು ಎರಡು ಪದಗಳಲ್ಲಿ ಹಂಚಿಟ್ಟುಕೊಂಡ ಭಾರವನ್ನು ಗುಜರಾತಿಯಲ್ಲಿ ‘ಧರ್ಮ’ವೊಂದೇ ಬಹುಮಟ್ಟಿಗೆ ಹೊರಬೇಕಾಗುತ್ತದೆ. ಎಲ್ಲರೂ ಧಾರ್ಮಿಕರು ಎಂಬ ವಾದ ಗೆಲ್ಲುವುದು ಬಹುತೇಕ ಈ ಎರಡು ಅರ್ಥಗಳ ನಡುವಿನ ಜಾರುವಿಕೆಯಿಂದ: ನಡತೆ ಎಂಬ ಅರ್ಥದಲ್ಲಿ ಒಪ್ಪಿಗೆ ಪಡೆದು, ಸದಸ್ಯತ್ವ ಎಂಬ ಅರ್ಥದಲ್ಲಿ ಅದನ್ನು ವಸೂಲು ಮಾಡುವುದು.

ಈ ವಾದಕ್ಕೆ ಒಂದು ವಿಮೋಚಕ ಚರಿತ್ರೆಯೂ ಇದೆಯೆಂಬುದನ್ನು ಮರೆಯುವಂತಿಲ್ಲ. 1844ರಲ್ಲಿ ಸೂರತ್ತಿನಲ್ಲಿ ದುರ್ಗಾರಾಮ ಮೆಹತಾ ಮತ್ತು ಅವರ ಸಂಗಡಿಗರು ಸ್ಥಾಪಿಸಿದ ಮಾನವಧರ್ಮ ಸಭೆಯ ಹೆಸರೇ ಒಂದು ವಾದ. ಮನುಷ್ಯರೆಲ್ಲರ ಧರ್ಮ ಒಂದೇ ಆದರೆ ಜಾತಿಭೇದಕ್ಕೆ ಆಧಾರವೇ ಉಳಿಯುವುದಿಲ್ಲ. ಹೊರಗಿಡಲ್ಪಟ್ಟವರನ್ನು ಒಳಗೆ ಕರೆಯುವುದಕ್ಕಾಗಿ ಇಲ್ಲಿ ಧರ್ಮದ ಪರಿಧಿ ಹಿಗ್ಗಿತು. ಅದೇ ಊರಿನ ಕವಿ ನರ್ಮದ (1833–1886) ಈ ಚರಿತ್ರೆಯನ್ನು ಜಟಿಲಗೊಳಿಸುತ್ತಾನೆ. ವಿಧವಾವಿವಾಹದ ಪರವಾಗಿ ವೈಷ್ಣವ ಮಹಾರಾಜರೊಡನೆ ವಾದಕ್ಕಿಳಿದವನು, 1864ರಲ್ಲಿ ‘ದಾಂಡಿಯೋ’ ಪತ್ರಿಕೆಯನ್ನು ಆರಂಭಿಸಿ ರೂಢಿಗಳನ್ನು ಕುಟುಕಿದವನು, ಕೊನೆಯ ವರ್ಷಗಳಲ್ಲಿ ‘ಧರ್ಮವಿಚಾರ’ದ ಲೇಖಕನಾಗಿ ಪರಂಪರೆಯ ಕಡೆಗೆ ಹೊರಳಿದ. ಅವನು ಮೊದಲಿನಿಂದಲೂ ಅಂತರಂಗದಲ್ಲಿ ಧಾರ್ಮಿಕನೇ ಆಗಿದ್ದ ಎಂಬ ಓದು ಸುಲಭ. ಆದರೆ ಅಂಥ ಓದು ಅವನ ಬದಲಾವಣೆಯನ್ನೇ ಅಳಿಸಿಹಾಕುತ್ತದೆ. ಎಲ್ಲವೂ ಧರ್ಮವೇ ಆದಲ್ಲಿ ನರ್ಮದ ಎಲ್ಲಿಂದ ಎಲ್ಲಿಗೆ ಬಂದ ಎಂದು ಕೇಳುವ ಸಾಧ್ಯತೆಯೇ ಉಳಿಯುವುದಿಲ್ಲ.

ವಡೋದರೆಯಲ್ಲಿ ಪ್ರಶ್ನೆ ವಿದ್ವತ್ತಿನ ರೂಪ ತಳೆಯಿತು. ಮೂರನೆಯ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ, ಬರೋಡಾ ಕಾಲೇಜಿನ ಪ್ರಾಧ್ಯಾಪಕ ಆಲ್ಬನ್ ವಿಜರಿಯವರ ಮೂಲಕ ಧರ್ಮಗಳ ತೌಲನಿಕ ಅಧ್ಯಯನ ಬೆಳೆಯಿತು. ಪರಧರ್ಮದ ಬಗ್ಗೆ ಗೌರವ ಮೂಡಿಸಿದ್ದು ಈ ಅಧ್ಯಯನದ ಹಿರಿಮೆ. ಆದರೆ ತುಲನೆಯ ಪದ್ಧತಿಗೆ ಪ್ರತಿ ಸಮುದಾಯಕ್ಕೂ ಒಂದು ಧರ್ಮ ಬೇಕು. ಧರ್ಮವಿಲ್ಲದವನಿಗೆ ಅದರಲ್ಲಿ ಜಾಗ ಸಿಗುವುದು ಕಷ್ಟ.

ಇವೆಲ್ಲಕ್ಕಿಂತ ತೀಕ್ಷ್ಣವಾದ ಪಠ್ಯ 1951ರಲ್ಲಿ ಅಹಮದಾಬಾದಿನ ನವಜೀವನ ಪ್ರಕಾಶನದಿಂದ ಹೊರಬಂದಿತು. ಆಂಧ್ರದ ನಾಸ್ತಿಕ ಚಿಂತಕ ಗೋರಾ (ಗೋಪರಾಜು ರಾಮಚಂದ್ರರಾವ್) ಗಾಂಧೀಜಿಯವರೊಡನೆ ತಾವು ನಡೆಸಿದ ಮಾತುಕತೆಗಳನ್ನು ದಾಖಲಿಸಿ ಇಂಗ್ಲಿಷಿನಲ್ಲಿ ಬರೆದ ಈ ಪುಟ್ಟ ಪುಸ್ತಕಕ್ಕೆ ಕಿಶೋರಲಾಲ ಮಶ್ರುವಾಲಾ ಪ್ರಸ್ತಾವನೆ ಬರೆದರು. ದೇವರೇ ಸತ್ಯ ಎಂಬ ತಮ್ಮ ಹಿಂದಿನ ಸೂತ್ರವನ್ನು ಗಾಂಧೀಜಿ ಸತ್ಯವೇ ದೇವರು ಎಂದು ತಿರುಗಿಸಿದ್ದು ನಾಸ್ತಿಕರೂ ಅದರೊಳಗೆ ಬರಲೆಂದೇ. ಇದು ಒಳಗೊಳ್ಳುವ ವಾದದ ಶ್ರೇಷ್ಠ ರೂಪ. ಆದರೆ 1944ರಲ್ಲಿ ಸೇವಾಗ್ರಾಮಕ್ಕೆ ಬಂದ ಗೋರಾ ಈ ಆಹ್ವಾನದಲ್ಲಿ ಕರಗಿಹೋಗಲಿಲ್ಲ. ತಮ್ಮದು ನಾಸ್ತಿಕತೆಯೇ, ಅಸ್ಪೃಶ್ಯತೆಯ ವಿರುದ್ಧದ ತಮ್ಮ ಕೆಲಸಕ್ಕೆ ಬಲ ಬಂದದ್ದೂ ಅದರಿಂದಲೇ ಎಂದು ಅವರು ಪಟ್ಟುಹಿಡಿದರು. ಗಾಂಧೀಜಿಯವರ ದೊಡ್ಡತನ ಕಾಣುವುದು ಗೋರಾರನ್ನು ಆಸ್ತಿಕರೆಂದು ಸಾಧಿಸುವುದರಲ್ಲಲ್ಲ. ಆಶ್ರಮದಲ್ಲಿ ನಡೆಯಬೇಕಿದ್ದ ಗೋರಾರ ಮಗಳ ಮದುವೆಯ ವಿಧಿಯಲ್ಲಿ ದೇವರ ಹೆಸರಿನ ಜಾಗದಲ್ಲಿ ಸತ್ಯವನ್ನು ಇರಿಸಲು ಅವರು ಒಪ್ಪಿದರು. ಮದುವೆ ನಡೆದದ್ದು ಗಾಂಧೀಜಿಯವರ ಹತ್ಯೆಯ ನಂತರ, 1948ರ ಮಾರ್ಚಿನಲ್ಲಿ. ಇಲ್ಲಿ ಎದುರಾಳಿಯ ಹೆಸರು ಬದಲಾಗಲಿಲ್ಲ. ಆತಿಥೇಯನ ವಿಧಿ ಬದಲಾಯಿತು. ಒಳಗೊಳ್ಳುವಿಕೆಗೂ ನುಂಗುವಿಕೆಗೂ ಇರುವ ವ್ಯತ್ಯಾಸ ಇಷ್ಟೇ.

ವಾದವು ಚಿಂತಕರ ಕೈಯಿಂದ ಕಚೇರಿಗೆ ದಾಟಿದಾಗ ಈ ಸೌಜನ್ಯ ಉಳಿಯುವುದಿಲ್ಲ. 2003ರ ಗುಜರಾತ್ ಧಾರ್ಮಿಕ ಸ್ವಾತಂತ್ರ್ಯ ಕಾಯಿದೆಯ ವ್ಯಾಖ್ಯೆಯಲ್ಲಿ ಮತಾಂತರವೆಂದರೆ ಒಂದು ಧರ್ಮವನ್ನು ಬಿಟ್ಟು ಇನ್ನೊಂದನ್ನು ಸ್ವೀಕರಿಸುವಂತೆ ಮಾಡುವುದು. ಬಿಡುವುದು ಮಾತ್ರ ಎಂಬ ಮೂರನೆಯ ದಾರಿ ಈ ವ್ಯಾಕರಣದಲ್ಲಿಲ್ಲ. 2017ರಲ್ಲಿ ಅಹಮದಾಬಾದಿನ ನಾಗರಿಕರೊಬ್ಬರು ತಾವು ಯಾವ ಧರ್ಮಕ್ಕೂ ಸೇರದವರೆಂದು ದಾಖಲಿಸಬೇಕೆಂದು ಸಲ್ಲಿಸಿದ ಅರ್ಜಿ, ಕಾಯಿದೆಯಲ್ಲಿ ಅಂಥ ಅವಕಾಶವಿಲ್ಲವೆಂದು ತಿರಸ್ಕೃತವಾಗಿ, ಪ್ರಕರಣ ಗುಜರಾತ್ ಉಚ್ಚ ನ್ಯಾಯಾಲಯದವರೆಗೆ ಹೋಯಿತು. ಇದಕ್ಕೆ ಮೊದಲೇ, 2014ರಲ್ಲಿ, ಬಾಂಬೆ ಉಚ್ಚ ನ್ಯಾಯಾಲಯವು ಸಂವಿಧಾನದ 25ನೆಯ ವಿಧಿಯ ಆತ್ಮಸಾಕ್ಷಿ ಸ್ವಾತಂತ್ರ್ಯದಲ್ಲಿ ಯಾವ ಧರ್ಮಕ್ಕೂ ಸೇರಿಲ್ಲವೆಂದು ಹೇಳುವ ಹಕ್ಕೂ ಸೇರಿದೆಯೆಂದು ಸ್ಪಷ್ಟಪಡಿಸಿತ್ತು. 2011ರ ಜನಗಣತಿಯಲ್ಲಿ ಸುಮಾರು 28.67 ಲಕ್ಷ ಮಂದಿ ‘ಧರ್ಮ ತಿಳಿಸದವರು’ ಎಂಬ ಶೀರ್ಷಿಕೆಯಡಿ ಬಂದರು. ಅವರೆಲ್ಲ ನಾಸ್ತಿಕರೆಂದು ಹೇಳಲಾಗದು. ಆದರೆ ಇಲ್ಲವೆಂಬ ಉತ್ತರವೂ ಹೇಳದಿರುವ ಉತ್ತರವೂ ಒಂದೇ ಅಲ್ಲ ಎಂಬುದನ್ನು ಆ ಶೀರ್ಷಿಕೆ ಮರೆಮಾಡುತ್ತದೆ.

ಕನ್ನಡ ವಿಮರ್ಶೆಗೂ ಇದರಲ್ಲಿ ಪಾಠವಿದೆ. ತಮ್ಮನ್ನು ಅಜ್ಞೇಯವಾದಿಯೆಂದು ಕರೆದುಕೊಂಡ ಶಿವರಾಮ ಕಾರಂತರು ‘ಮೂಕಜ್ಜಿಯ ಕನಸುಗಳು’ (1968) ಕಾದಂಬರಿಯಲ್ಲಿ ದೇವರುಗಳನ್ನು ಮನುಷ್ಯನ ಚರಿತ್ರೆಯೊಳಗೆ ಇಟ್ಟು ನೋಡಿದರು. ಆ ಕೃತಿಯ ಆಳಕ್ಕೆ ಬೆರಗಾಗಿ ‘ಕಾರಂತರೂ ಕೊನೆಗೆ ಆಧ್ಯಾತ್ಮಿಕರೇ’ ಎನ್ನುವುದು ಹೊಗಳಿಕೆಯಂತೆ ಕೇಳಿಸಿದರೂ, ಆಳವಾದುದೆಲ್ಲ ಧರ್ಮದ ಸ್ವತ್ತು ಎಂಬ ಪೂರ್ವಗ್ರಹವನ್ನೇ ಅದು ಗಟ್ಟಿಗೊಳಿಸುತ್ತದೆ. ಅಜ್ಞೇಯವಾದಿಗೂ ವಿಸ್ಮಯವಿದೆ, ಮರುಕವಿದೆ, ನಿಷ್ಠೆಯಿದೆ, ಅವು ಅವನವೇ.

ಪ್ರತಿಯೊಬ್ಬನಿಗೂ ಧರ್ಮವಿದೆ ಎಂಬ ಮಾತು ನಡತೆಯ ಅರ್ಥದಲ್ಲಿ ನಿಜವಾಗಬಹುದು. ಪ್ರತಿಯೊಬ್ಬನಿಗೂ ಮತವಿದೆ ಎಂಬುದು ಅಭಿಪ್ರಾಯದ ಅರ್ಥದಲ್ಲಿ ಖಂಡಿತ ನಿಜ. ಆ ಅಭಿಪ್ರಾಯ ‘ನನಗೆ ಯಾವ ಧರ್ಮವೂ ಇಲ್ಲ’ ಎಂದೂ ಇರಬಹುದು. ಧಾರ್ಮಿಕ ಎಂಬ ವಿಶೇಷಣವನ್ನು ಒಬ್ಬ ತನಗೆ ತಾನು ಹಚ್ಚಿಕೊಳ್ಳುವುದು ಬೇರೆ, ಬೇಡವೆಂದವನಿಗೆ ಇತರರು ಹಚ್ಚುವುದು ಬೇರೆ. ಮೊದಲನೆಯದು ಶ್ರದ್ಧೆಯಾಗಬಲ್ಲದು; ಎರಡನೆಯದು, ಎಷ್ಟೇ ಪ್ರೀತಿಯಿಂದ ಮಾಡಿದರೂ, ಯಜಮಾನಿಕೆಯೇ.