ಕೆಸರು ನೋಡಿ ಟೈರು

ಕೆಸರಿನ ಡ್ರ್ಯಾಗ್ ರೇಸ್ ಜಟಿಲವಾದ ಆಟವೇನಲ್ಲ. ಕೆಸರು ತುಂಬಿದ ನೇರ ಪಟ್ಟಿ. ಆ ತುದಿಯನ್ನು ಯಾರು ಬೇಗ ಮುಟ್ಟುತ್ತಾರೆ ಎಂಬುದಷ್ಟೇ ಲೆಕ್ಕ. ಕರಾವಳಿಯವರಿಗೆ ಕೋಣವಿಲ್ಲದ ಕಂಬಳ ಎಂದರೆ ಸಾಕು. ಕಂಪನಿಯಿಂದ ಬಂದ ಪಿಕಪ್ಪನ್ನು ಇದಕ್ಕೆ ಅಣಿಮಾಡುವವರ ದುಡ್ಡು ಮಾತ್ರ ಮೊದಲು ಕಣ್ಣಿಗೆ ಕಾಣುವುದಕ್ಕೇ ಹೋಗುತ್ತದೆ: ಗಾಡಿ ಎತ್ತರಿಸುವ ಲಿಫ್ಟ್ ಕಿಟ್, ಸ್ನಾರ್ಕೆಲ್, ಅಗಲವಾದ ಟೈರು. ಮಣ್ಣು ಎಂಥದ್ದು ಎಂದು ಕೇಳುವವರು ಕಡಿಮೆ.

ಕೇಳಲೇಬೇಕು. ಕೊಡಗು, ಮಲೆನಾಡಿನ ಗದ್ದೆಯಲ್ಲಿ ಮೇಲೆ ತೆಳ್ಳಗಿನ ಕೆಸರು. ವರ್ಷಾನುಗಟ್ಟಲೆ ಉತ್ತು ತುಳಿದ ಕಾರಣ ಕೆಳಗೆ ಗಟ್ಟಿ ಪದರ. ಅಲ್ಲಿ ಕೆಸರನ್ನು ಸೀಳಿ ಆ ತಳಕ್ಕೆ ಕಚ್ಚುವ ಕಿರಿದಾದ ಟೈರೇ ಮೇಲು. ಮಹಾರಾಷ್ಟ್ರದ ರಾಂಜಣಗಾಂವದ ಆಸುಪಾಸಿನ ಕಪ್ಪು ನೆಲ ಬೇರೆ ಜಾತಿ, ನಮ್ಮ ವಿಜಯಪುರದ ಎರೆಮಣ್ಣಿನಂಥದು. ನೆನೆದರೆ ಟೈರಿನ ಮೇಲಿನ ಉಬ್ಬುಗಳ, ಅಂದರೆ ಬಟನ್‌ಗಳ, ಸಂದಿಯಲ್ಲಿ ಮೆತ್ತಿಕೊಂಡು ಬಟನ್ ಟೈರನ್ನೂ ನುಣ್ಣಗೆ ಮಾಡಿಬಿಡುತ್ತದೆ. ಸಂದಿ ದೊಡ್ಡದಿರಬೇಕು, ಮಣ್ಣು ಸಿಡಿದು ಹೋಗುವಷ್ಟು ವೇಗವಾಗಿ ಚಕ್ರ ತಿರುಗಬೇಕು. ಗಾಳಿ ಇಳಿಸಿದರೆ ಹಿಡಿತ ಹೆಚ್ಚುತ್ತದೆ ನಿಜ. ಅತಿಯಾದರೆ ಟೈರು ರಿಮ್ಮಿನಿಂದಲೇ ಕಳಚಿಕೊಳ್ಳುತ್ತದೆ.

ಅಮೆರಿಕದ ವಿಡಿಯೊ ನೋಡಿ ಭಾರೀ ಟೈರು ಏರಿಸುವವರು ಗೇರಿನ ಲೆಕ್ಕ ಮರೆಯುತ್ತಾರೆ. ಟೈರು ದೊಡ್ಡದಾದಷ್ಟೂ ಡೀಸೆಲ್ ಎಂಜಿನ್ ಎಳೆಯಲಾರದೆ ಕುಸಿಯುತ್ತದೆ. ಬಿಡದಿಯಲ್ಲಿ ತಯಾರಾಗುವ ಹೈಲಕ್ಸ್ ಪಿಕಪ್ಪಿನ 2.8 ಲೀಟರ್ ಎಂಜಿನ್‌ಗೆ 204 ಅಶ್ವಶಕ್ತಿ ಇದೆ. ಅದು ಧಾರಾಳ, ಆದರೆ ಅಮೆರಿಕದ ವಿ-8 ಅಲ್ಲ. ಹಾಗೆಂದು ತೀರಾ ಕೆಳಗಿನ ಗೇರೂ ಗೆಲ್ಲಿಸುವುದಿಲ್ಲ. ರಾಂಜಣಗಾಂವದ ಕಾರ್ಖಾನೆಯಲ್ಲಿ 2021ರಲ್ಲಿ ಜೋಡಣೆ ಶುರುವಾದ ಜೀಪ್ ರ‍್ಯಾಂಗ್ಲರ್ ರೂಬಿಕಾನ್‌ಗೆ 4:1ರ ಲೋ ರೇಂಜ್ ಇದೆ. ಬಂಡೆ ಹತ್ತಲು ಅದಕ್ಕೆ ಸಾಟಿಯಿಲ್ಲ, ನೇರ ಓಟದಲ್ಲಿ ಅದೇ ಗೇರು ಚಕ್ರದ ವೇಗವನ್ನು ಕಟ್ಟಿಹಾಕುತ್ತದೆ.

ಪಿಕಪ್ಪಿಗೆ ಹುಟ್ಟಿನಿಂದ ಬಂದ ದೋಷ ಖಾಲಿ ಬಾಡಿ. ಹಿಂದೆ ಭಾರವಿಲ್ಲದೆ ಚಕ್ರ ಸುಮ್ಮನೆ ತಿರುಗುತ್ತದೆ, ಪಟ್ಟೆ ಸ್ಪ್ರಿಂಗ್ ಮೇಲಿನ ಆ್ಯಕ್ಸಲ್ ಕುಣಿಯುತ್ತದೆ. ನಾಲ್ಕು ಮರಳು ಚೀಲ ಬಿಗಿಯಾಗಿ ಕಟ್ಟಿದರೆ ಲಿಫ್ಟ್ ಕಿಟ್‌ಗಿಂತ ಹೆಚ್ಚು ಲಾಭ.

ನನ್ನ ಮೆಚ್ಚುಗೆ ಯಾರೂ ಫೋಟೊ ತೆಗೆಯದ ಡಿಫರೆನ್ಷಿಯಲ್ ಬ್ರೀದರ್ ಪೈಪಿಗೆ. ಓಡಿ ಬಿಸಿಯಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರುತ್ತದೆ. ಆಮೇಲೆ ಬೋಲ್ಟ್ ಬಿಚ್ಚಿದರೆ ಎಣ್ಣೆ ಬೆಳ್ಳಗೆ ನೊರೆಗಟ್ಟಿರುತ್ತದೆ, ಬೇರಿಂಗ್ ಕೆಟ್ಟಿರುತ್ತದೆ. ಒಂದೆರಡು ಮೀಟರ್ ಪೈಪನ್ನು ಎತ್ತರಕ್ಕೆ ಒಯ್ದರೆ ಇದು ತಪ್ಪುತ್ತದೆ. ಸ್ನಾರ್ಕೆಲ್ ಕಾಯುವುದು ಎಂಜಿನ್ನಿನ ಉಸಿರನ್ನು ಮಾತ್ರ.

ಇಷ್ಟೆಲ್ಲ ಮಾರ್ಪಾಟು ಮಾಡಿದ ಗಾಡಿಯನ್ನು ರಸ್ತೆಯಲ್ಲೇ ಓಡಿಸಿಕೊಂಡು ಹೋಗುವುದನ್ನು ಒಪ್ಪಲಾಗದು. 2019ರ ತಿದ್ದುಪಡಿಯ ಪ್ರಕಾರ ನಿಯಮ ಮೀರಿದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬೀಳಬಹುದು. ಅದಕ್ಕಿಂತ ಗಂಭೀರ ತಪ್ಪು, ಹೂತ ಗಾಡಿಯನ್ನು ಟ್ರೇಲರ್ ಎಳೆಯುವ ಬಾಲ್‌ಗೆ ಹಗ್ಗ ಸಿಕ್ಕಿಸಿ ಜಗ್ಗುವುದು. ಆ ಬಾಲ್ ಕಿತ್ತು ಬಂದರೆ ಗುಂಡಿನಂತೆ ಹಾರುತ್ತದೆ. ಚಾಸಿಗೆ ಬೋಲ್ಟ್ ಮಾಡಿದ ಗಟ್ಟಿ ಹುಕ್ ಇಲ್ಲದ ಗಾಡಿಯನ್ನು ಆಯೋಜಕರು ಪಟ್ಟಿಗೇ ಬಿಡಬಾರದು.